ಕೂಳೂರು ಶೆಡ್ಡಿನ ನಮ್ಮ ಸರ್

ಕಳೆದ ತಿಂಗಳು ಬಜಪೆಯಲ್ಲಿ ವಿಮಾನದಿಂದ ಇಳಿದು ಟರ್ಮಿನಲ್‌ಗೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ವಿಮಾನದ ಎಂಜಿನ್ ಆಗಷ್ಟೇ ಶುರುವಾಗುತ್ತಿತ್ತು. ಗಾಳಿ ನಮ್ಮ ಕಡೆ ತಿರುಗಿತು, ಅದರ ಜೊತೆ ಆ ವಾಸನೆಯೂ ಬಂತು. ಅರ್ಧ ಉರಿದ ಚಿಮಿಣಿ ಎಣ್ಣೆಯ ವಾಸನೆ. ಉಳಿದವರು ಮೂಗಿಗೆ ಕರವಸ್ತ್ರ ಹಿಡಿದರು. ನನ್ನ ಎರಡೂ ಕೈ ಕಿವಿಗೆ ಹೋದವು. ಈ ವಾಸನೆ ಬಂದರೆ ಮರುಕ್ಷಣ ಕಿವಿ ಒಡೆಯುವ ಶಬ್ದ ಬರುತ್ತದೆ ಎಂದು ನನ್ನ ಮೈ ಇಷ್ಟು ವರ್ಷವಾದರೂ ನಂಬಿಕೊಂಡೇ ಇದೆ. ಶಬ್ದ ಬರಲಿಲ್ಲ. ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತ ಮೇಲೆ ಸರ್ ನೆನಪಾದರು...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಕೂಳೂರು ಸೇತುವೆಯ ಹತ್ತಿರ, ಹೊಳೆಯ ದಡದಲ್ಲಿ, ಹಾಗೆ ಮುಚ್ಚಿದ ಒಂದು ಕಾರ್ಖಾನೆಯ ಶೆಡ್ಡನ್ನು ಒಂದು ಸಣ್ಣ ಖಾಸಗಿ ಸಂಶೋಧನಾ ಸಂಸ್ಥೆ ಬಾಡಿಗೆಗೆ ಹಿಡಿದಿತ್ತು. ಆ ಸಂಸ್ಥೆ ಈಗ ಇಲ್ಲ, ಶೆಡ್ಡೂ ಇಲ್ಲ. ಎಂ.ಎಸ್ಸಿ. ಮುಗಿಸಿದ ನಾನು ಅಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿದೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಕೆಲಸ ರಕ್ಷಣಾ ಇಲಾಖೆಯದು, ಖರ್ಚೂ ಅವರದೇ. ಸೇರುವ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಇಲ್ಲಿ ನೋಡಿದ್ದನ್ನು, ಕೇಳಿದ್ದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು.

ಕೆಲಸ ಏನೆಂದು ಈಗ ಹೇಳಿದರೆ ಯಾರಿಗೂ ನಷ್ಟವಿಲ್ಲ. ಯುದ್ಧವಿಮಾನ ಹಠಾತ್ತನೆ ವೇಗ ಹೆಚ್ಚಿಸಿಕೊಳ್ಳಬೇಕಾದಾಗ ಎಂಜಿನ್ನಿನ ಹಿಂದಿರುವ ಕೊಳವೆಯಲ್ಲಿ ಇನ್ನೊಮ್ಮೆ ಎಣ್ಣೆ ಚಿಮ್ಮಿಸಿ ಉರಿಸುತ್ತಾರೆ. ಅಲ್ಲಿ ಗಾಳಿ ಬಿರುಗಾಳಿಗಿಂತ ಜೋರು. ಆ ಗಾಳಿಯಲ್ಲಿ ಬೆಂಕಿ ಆರಬಾರದು. ಅದಕ್ಕೆ ಕೊಳವೆಯೊಳಗೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಉಕ್ಕಿನ ಪಟ್ಟಿಗಳನ್ನು ಅಡ್ಡ ಇಡುತ್ತಾರೆ. ಪಟ್ಟಿಯ ಬೆನ್ನ ಹಿಂದೆ ಗಾಳಿ ಸುಳಿ ಸುತ್ತುತ್ತದೆ, ಆ ಸುಳಿಯ ಮರೆಯಲ್ಲಿ ಜ್ವಾಲೆ ಕೂರುತ್ತದೆ. ಎಂತಹ ಪಟ್ಟಿ, ಯಾವ ಕೋನದಲ್ಲಿ, ಎಷ್ಟು ದೂರದಲ್ಲಿ ಎಂಬುದೇ ನಮ್ಮ ಹುಡುಕಾಟ. ಎಂಜಿನ್ ನಮ್ಮಲ್ಲಿರಲಿಲ್ಲ. ದೊಡ್ಡ ಟ್ಯಾಂಕುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಸಿ, ಒಂದೇ ಸಲಕ್ಕೆ ಉಕ್ಕಿನ ಕೊಳವೆಗೆ ಬಿಡುತ್ತಿದ್ದೆವು. ತುಂಬಿಸಲು ಇಡೀ ಬೆಳಿಗ್ಗೆ ಬೇಕು. ಖಾಲಿಯಾಗಲು ಕೆಲವೇ ನಿಮಿಷ ಸಾಕು. ಒಂದು ಪ್ರಯೋಗ ಕೈಕೊಟ್ಟರೆ ಅವತ್ತಿನ ದಿನ ಹೋದಂತೆಯೇ.

ಇದರ ಮುಖ್ಯಸ್ಥರು ನಮ್ಮ ಸರ್. ಮಣ್ಣಗುಡ್ಡದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವರ ಮನೆ. ದೇವಸ್ಥಾನದ ಅರ್ಚಕರ ಮಗ. ಮನೆಯಲ್ಲಿ ಪೂಜೆಯ ಕೆಲಸ ಬಿಟ್ಟು ಓದಲು ಹೋದ ಮೊದಲಿಗರು ಅವರೇ. ಇಂಗ್ಲೆಂಡಿನಲ್ಲಿ ಬೆಂಕಿಯ ಬಗ್ಗೆಯೇ ಓದಿ ಬಂದಿದ್ದರು. ತೆಳ್ಳಗಿನ ಶರೀರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಣ್ಣೆ, ಮಸಿ ತುಂಬಿದ ಆ ಶೆಡ್ಡಿನಲ್ಲಿ ಅವರ ಅಂಗಿಗೆ ಒಂದು ಕಲೆಯೂ ಆದದ್ದನ್ನು ನಾನು ನೋಡಿಲ್ಲ. ಅವರ ಹತ್ತಿರ ನನಗೆ ಕೆಲಸ ಸಿಕ್ಕಿತೆಂದು ಅಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಮೊದಲ ದಿನ ಸರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಮನೆಯಲ್ಲಿ ಗ್ಯಾಸ್ ಉಂಟಾ, ಸೌದೆ ಒಲೆಯಾ?"

"ಸೌದೆ ಒಲೆ ಸರ್."

"ಒಳ್ಳೆದಾಯ್ತು. ಮದುವೆ ಆಗುವವರೆಗೆ ಇಲ್ಲಿ ಅಭ್ಯಾಸ ಮಾಡಿ."

ಯಾರೂ ನಗಲಿಲ್ಲ. ಸರ್ ಕೂಡ ನಗಲಿಲ್ಲ. ಅವರು ತಮಾಷೆ ಮಾಡಿದ್ದಲ್ಲ ಎಂದು ತಿಳಿಯಲು ನನಗೆ ಕೆಲವು ದಿನ ಬೇಕಾಯಿತು.

ಸರ್ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಶೆಡ್ಡಿನಲ್ಲಿ ಸದಾ ಕಂಪ್ರೆಸರ್ ಗದ್ದಲ. ಉಳಿದವರೆಲ್ಲ ಕೂಗಿ ಮಾತಾಡುತ್ತಿದ್ದೆವು. ಸರ್ ಮಾತ್ರ ದನಿಯನ್ನು ಇನ್ನೂ ತಗ್ಗಿಸುತ್ತಿದ್ದರು. ಅವರ ಮಾತು ಕೇಳಬೇಕಾದರೆ ನಾವು ಹತ್ತಿರ ಹೋಗಿ ಬಾಗಬೇಕು. ಬಾಗಿದ ಮೇಲೆ ಕಿವಿಯಲ್ಲಿ ಬೀಳುತ್ತಿದ್ದುದು ಮನೆಗೆ ಹೋದರೂ ಮರೆಯದಂಥ ಮಾತು. ಶಿವಮೊಗ್ಗ ಕಡೆಯ ಒಬ್ಬ ಹುಡುಗ ನಮ್ಮ ಜೊತೆ ಸೇರಿದ್ದ. ಅವನ ತಂದೆ ತೀರಿಕೊಂಡ ಸುದ್ದಿ ಬಂದಾಗ ರಜೆ ಕೇಳಲು ಹೋದ. ಸರ್ ಹೇಳಿದರು, "ಹೋಗಿ ಬನ್ನಿ. ನೀವು ಇಲ್ಲದಿದ್ದರೂ ಇಲ್ಲಿ ಎಂತದೂ ನಿಲ್ಲುವುದಿಲ್ಲ. ಅದು ಒಮ್ಮೆ ನಿಮಗೆ ಗೊತ್ತಾಗಲಿ." ಹೋದವನು ತಿರುಗಿ ಬರಲಿಲ್ಲ.

ಹಾಗೆಂದು ಅವರಿಗೆ ಕಲಿಸಲು ಬರುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಸಂಜೆ ನಮ್ಮನ್ನೆಲ್ಲ ದೋಣಿ ಹತ್ತಿಸಿ ಬೆಂಗ್ರೆಗೆ ಕರೆದುಕೊಂಡು ಹೋದರು. ಅಳಿವೆಯಲ್ಲಿ ಗಾಳಿ ಬೀಸುತ್ತಿತ್ತು. ಮೀನಿನವನೊಬ್ಬ ಅಂಗೈ ಬಟ್ಟಲಿನ ಹಾಗೆ ಮಾಡಿಕೊಂಡು ಬೀಡಿ ಹಚ್ಚುತ್ತಿದ್ದ. "ಅವನ ಕೈ ನೋಡಿ" ಎಂದರು ಸರ್. "ಗಾಳಿ ನಿಂತಿದೆ ಅಂತ ಅಂದ್ಕೊಳ್ಬೇಡಿ. ಒಳಗೆ ಹಿಂದಕ್ಕೆ ತಿರುಗ್ತಾ ಉಂಟು. ಬೆಂಕಿಗೆ ಬೇಕಾದ್ದು ಅದೇ." ಅವತ್ತು ಅವರ ಮುಖದಲ್ಲಿ ಒಂದು ಕಳೆ ಇತ್ತು. ದೋಣಿಯಲ್ಲಿ ವಾಪಸು ಬರುವಾಗ, ಇಷ್ಟು ಚಂದ ವಿವರಿಸುವವರು ಒಳ್ಳೆಯವರೇ ಇರಬೇಕು ಎಂದು ನನಗನ್ನಿಸಿತು. ಆಗ ನನಗೆ ಹಾಗೆಲ್ಲ ಅನ್ನಿಸುವ ಪ್ರಾಯ.

ಅವರ ಮಾತಿನ ಏಟು ಹೆಚ್ಚು ಬೀಳುತ್ತಿದ್ದುದು ನಮ್ಮ ಸೀನಿಯರ್ ಮೇಲೆ. ದೇರೆಬೈಲಿನವರು. ಸರ್ ಹತ್ತಿರ ಪಿಎಚ್.ಡಿ. ಮಾಡುತ್ತಿದ್ದರು. ದೊಡ್ಡ ಗುತ್ತಿನ ಮನೆಯ ಜಮೀನುದಾರ ಕುಟುಂಬ. ಭೂಸುಧಾರಣೆಯಲ್ಲಿ ಗದ್ದೆಗಳು ಒಕ್ಕಲುಗಳಿಗೆ ಹೋದ ಮೇಲೆ ಅಣ್ಣ ಬೊಂಬಾಯಿಗೆ ಹೋಗಿ ಹೋಟೆಲು ಹಾಕಿದ್ದರು. ತಮ್ಮನೊಬ್ಬ ಓದಿ ಡಾಕ್ಟರಾಗಲಿ ಎಂಬ ಆಸೆ ಮನೆಯವರದು. ಯಾವ ಡಾಕ್ಟರ್ ಎಂದು ಅವರ ತಾಯಿಗೆ ಗೊತ್ತಿರಲಿಲ್ಲ. ಮಗ ವಿಮಾನಕ್ಕೆ ಸಂಬಂಧಪಟ್ಟ ಡಾಕ್ಟರಾಗುತ್ತಾನೆ ಎಂದು ನೆರೆಕರೆಯಲ್ಲಿ ಹೇಳುತ್ತಿದ್ದರಂತೆ. ಕಾವೂರಿನ ಒಂದು ಹುಡುಗಿಯ ಜೊತೆ ಮದುವೆ ಮಾತಾಗಿತ್ತು. ಡಿಗ್ರಿ ಬಂದ ಕೂಡಲೇ ದಿನ ನೋಡುವುದು ಎಂದಿತ್ತು.

ಸೀನಿಯರ್ ಮೃದು ಮನುಷ್ಯ. ಆಟದ ಹುಚ್ಚು ಬಹಳ. ಎಲ್ಲಿ ಮೇಳದ ಯಕ್ಷಗಾನ ಇದ್ದರೂ ಹೋಗುವವರು. ಕೆಲಸ ಮಾಡುವಾಗ ಭಾಗವತರ ಹಾಗೆ ಬಾಯಲ್ಲೇ ಶ್ರುತಿ ಹಿಡಿಯುತ್ತಿದ್ದರು. ಆ ಕಿವಿಯಿಂದಲೇ ಅವರು ಒಂದು ವಿಷಯ ಕಂಡುಕೊಂಡರು. ಕೊಳವೆಯಲ್ಲಿ ಬೆಂಕಿ ಸರಿಯಾಗಿ ಉರಿಯುವಾಗ ಒಂದೇ ಸಮನೆ ಗುಡುಗಿದಂತೆ ಕೇಳುತ್ತದೆ. ಕೆಲವೊಮ್ಮೆ ಆ ಗುಡುಗು ಮೆಲ್ಲನೆ ಮೇಲೇರುತ್ತ ಚೀರಾಟವಾಗುತ್ತದೆ. ಚೀರಾಟ ಹೆಚ್ಚಾದರೆ ಉಕ್ಕು ಬಿರಿಯುತ್ತದೆ, ಇಲ್ಲವೇ ಜ್ವಾಲೆಯೇ ಆರುತ್ತದೆ. ಪಟ್ಟಿಗಳನ್ನು ನೇರ ಇಡುವ ಬದಲು ಸ್ವಲ್ಪ ಓರೆ ಇಟ್ಟರೆ ಚೀರಾಟ ಹುಟ್ಟುವುದೇ ಇಲ್ಲ ಎಂಬುದು ಸೀನಿಯರ್ ಲೆಕ್ಕ. ಸಣ್ಣ ಕೊಳವೆಯಲ್ಲಿ ಅದನ್ನು ನಮಗೆ ಮಾಡಿಯೂ ತೋರಿಸಿದ್ದರು.

"ಕೇಳು ಮಾರಾಯ್ತಿ, ಈಗ ಶ್ರುತಿ ಏರುವುದಿಲ್ಲ" ಎಂದು ನನ್ನನ್ನು ಹತ್ತಿರ ನಿಲ್ಲಿಸಿದ್ದರು. ಏರಲಿಲ್ಲ.

ಸೀನಿಯರ್ ಅದನ್ನು ಥೀಸಿಸ್ಸಿನ ಅಧ್ಯಾಯವಾಗಿ ಬರೆದು ತೋರಿಸಲು ಹೋದಾಗ ಸರ್ ಆ ಕಟ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರು. "ತೂಕ ಉಂಟು" ಎಂದು ಮೇಜಿನ ಮೇಲಿಟ್ಟರು. ತೆರೆದು ನೋಡಲಿಲ್ಲ. "ಹಾಡು, ಶ್ರುತಿ ಎಲ್ಲ ಆಟದ ಗದ್ದೆಯಲ್ಲಿರಲಿ. ಅಣ್ಣನಿಗೆ ಹೋಟೆಲುಂಟಲ್ಲ? ಅಲ್ಲಿಯೂ ಒಲೆಯೇ. ನಿಮಗೆ ಅದು ಬೇಗ ಹೊಂದಿಕೊಳ್ಳಬಹುದು." ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗರ ಗುಂಪಿನ ಎದುರು ಈ ಮಾತು ಹೇಳಿದರು. ಸೀನಿಯರ್ "ಸರಿ ಸರ್" ಎಂದು ಕಟ್ಟನ್ನು ಎತ್ತಿಕೊಂಡು ಬಂದರು. ಅವತ್ತು ಬಸ್ಸಿಗೆ ನಿಂತಿದ್ದಾಗ ನಾನು, ನೀವು ಇದನ್ನೆಲ್ಲ ಎಂತಕೆ ತಡೆದುಕೊಳ್ತೀರಿ ಎಂದು ಕೇಳಿದೆ. "ಅವರಷ್ಟು ಗೊತ್ತಿದ್ದವರು ಈ ಊರಲ್ಲಿ ಬೇರೆ ಯಾರಿದ್ದಾರೆ?" ಎಂದರು. ಬಸ್ಸು ಹತ್ತುವಾಗ, "ಒಂದು ದಿನ ಅವರು ನನ್ನ ಮಾತು ಪೂರ್ತಿ ಕೇಳಿದರೆ ಸಾಕು" ಎಂದೂ ಸೇರಿಸಿದರು.

ಮಳೆ ಮುಗಿದ ಮೇಲೆ ವಾಯುಸೇನೆಯ ಅಧಿಕಾರಿಯೊಬ್ಬರು ಕೆಲಸ ನೋಡಲು ಬೆಂಗಳೂರಿನಿಂದ ಬರುವುದೆಂದಾಯಿತು. ಉತ್ತರದ ಕಡೆಯವರು, ಎತ್ತರದ ಆಳು. ಯೋಜನೆ ಮುಂದುವರಿಯಬೇಕೋ ಬೇಡವೋ ಎಂಬುದು ಅವರು ಹೇಳುವುದರ ಮೇಲೆ ನಿಂತಿತ್ತು. ಓರೆ ಪಟ್ಟಿಗಳನ್ನು ಹಾಕೋಣ ಎಂದು ಸೀನಿಯರ್ ಹಿಂದಿನ ದಿನ ಕೇಳಿಕೊಂಡರು. "ಪರೀಕ್ಷೆ ಯಾರದ್ದು?" ಎಂದರು ಸರ್. "ನಿಮ್ಮದು ಸರ್." "ಮತ್ತೆ?" ಅಲ್ಲಿಗೆ ಮುಗಿಯಿತು. ನೇರ ಪಟ್ಟಿಗಳೇ ಕೊಳವೆಯೊಳಗೆ ಹೋದವು.

ಬೆಳಿಗ್ಗೆಯಿಂದ ಟ್ಯಾಂಕುಗಳಿಗೆ ಗಾಳಿ ತುಂಬಿಸಿದ್ದೆವು. ಅಧಿಕಾರಿ ಮತ್ತು ಸರ್ ಇಟ್ಟಿಗೆ ಗೋಡೆಯ ಮರೆಯಲ್ಲಿ ನಿಂತರು. ಎಣ್ಣೆಯ ವಾಲ್ವ್ ನನ್ನ ಕೈಯಲ್ಲಿ. ಸೀನಿಯರ್ ಜಾಗ ಕೊಳವೆಯ ಪಕ್ಕದಲ್ಲಿ. ಅಲ್ಲಿ ದಪ್ಪ ಗಾಜು ಹಾಕಿದ ಕಿಂಡಿಯೊಂದಿತ್ತು, ಅದರಿಂದ ಜ್ವಾಲೆಯನ್ನು ನೋಡಿ ನಮಗೆ ಕೈಸನ್ನೆ ಮಾಡುವುದು ಅವರ ಕೆಲಸ. ಗಾಳಿ ಬಿಟ್ಟೆವು, ಎಣ್ಣೆ ಬಿಟ್ಟೆವು, ಕಿಡಿ ಕೊಟ್ಟೆವು. ಬೆಂಕಿ ಹತ್ತಿತು. ಶೆಡ್ಡಿನ ಹಂಚುಗಳೆಲ್ಲ ನಡುಗಿದವು. ಅಧಿಕಾರಿ ಮೆಚ್ಚಿ ತಲೆಯಾಡಿಸಿದ್ದು ಕಾಣಿಸಿತು.

ಗಾಳಿ ಹೆಚ್ಚಿಸುತ್ತ ಹೋದ ಹಾಗೆ ಗುಡುಗು ಏರತೊಡಗಿತು. ಸೀನಿಯರ್ ಕೈ ಎತ್ತಿದರು. ನಿಲ್ಲಿಸಿ ಎಂದರ್ಥ. ನಾನು ಸರ್ ಮುಖ ನೋಡಿದೆ. ಅವರು ನಿಲ್ಲಿಸುವುದು ಬೇಡ ಎಂದು ತಲೆ ಅಲ್ಲಾಡಿಸಿದರು. ಏರುತ್ತ ಏರುತ್ತ ಅದು ಚೀರಾಟವಾಯಿತು. ಹಲ್ಲಿನ ಬುಡದಲ್ಲಿ ನೋವಾಗುವಂಥ ಶಬ್ದ. ಆಮೇಲೆ ಒಮ್ಮೆಲೇ ಬೆಂಕಿ ಆರಿತು. ಬರೀ ಗಾಳಿಯ ಸುಯ್ಲು ಉಳಿಯಿತು.

ಬೆಂಕಿ ಆರಿದರೆ ಏನು ಮಾಡಬೇಕೆಂದು ಸರ್ ಅವರೇ ನಮಗೆ ಕಲಿಸಿದ್ದರು. ಎಣ್ಣೆ ಮುಚ್ಚಬೇಕು. ಕೊಳವೆಯಲ್ಲಿ ನಿಂತ ಎಣ್ಣೆಯ ಆವಿಯೆಲ್ಲ ಗಾಳಿಯಲ್ಲಿ ಹೊರಟುಹೋಗುವವರೆಗೆ ಕಾಯಬೇಕು. ಆಮೇಲೆಯೇ ಕಿಡಿ. ಆದರೆ ಅಷ್ಟು ಕಾದರೆ ಟ್ಯಾಂಕಿನ ಗಾಳಿ ಮುಗಿಯುತ್ತಿತ್ತು, ಬೆಂಗಳೂರಿನಿಂದ ಬಂದವರಿಗೆ ಆರಿದ ಬೆಂಕಿ ಮಾತ್ರ ತೋರಿಸಿದ ಹಾಗಾಗುತ್ತಿತ್ತು. ನಾನು ವಾಲ್ವ್ ಮುಚ್ಚತೊಡಗಿದ್ದೆ. ಸರ್ ಗೋಡೆಯ ಮರೆಯಿಂದ ಬಂದು ಗಾಳಿಯನ್ನು ಸ್ವಲ್ಪ ತಗ್ಗಿಸಿದರು. ಮೇಜಿನ ಮೇಲಿನ ಒಂದು ಪಾತ್ರೆಯನ್ನು ಸರಿಸುವ ಹಾಗೆ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ವಾಲ್ವ್ ಅನ್ನು ಪುನಃ ತೆರೆದರು.

"ಸರ್, ಬೇಡ. ಒಳಗೆ ಎಣ್ಣೆ ನಿಂತಿದೆ" ಎಂದರು ಸೀನಿಯರ್. ಗಾಳಿ ತಗ್ಗಿದ್ದರಿಂದ ಮಾತು ಸ್ಪಷ್ಟವಾಗಿಯೇ ಕೇಳಿತು.

"ಹೆದರಿಕೆ ಆದರೆ ಹೊರಗೆ ಹೋಗಿ ನಿಲ್ಲಿ."

ಹೊರಗೆ ಹೋಗಬಹುದಿತ್ತು. ಬಾಗಿಲು ಅವರ ಬೆನ್ನ ಹಿಂದೆಯೇ ಇತ್ತು. ಸೀನಿಯರ್ ಒಮ್ಮೆ ಅಧಿಕಾರಿಯ ಕಡೆ, ಒಮ್ಮೆ ಸರ್ ಕಡೆ ನೋಡಿದರು. ಆಮೇಲೆ ಕಿಂಡಿಯ ಹತ್ತಿರ ಇನ್ನಷ್ಟು ಬಾಗಿದರು. ಸರ್ ಕಿಡಿಯ ಗುಂಡಿ ಒತ್ತಿದರು.

ಶಬ್ದ ನನಗೆ ನೆನಪಿಲ್ಲ. ಗಾಜು ಒಡೆದು ಕಿಂಡಿಯಿಂದ ಬೆಂಕಿ ನಾಲಗೆಯ ಹಾಗೆ ಹೊರಬಂದದ್ದು, ಸೀನಿಯರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದು, ಆ ಕೈಗಳೂ ಉರಿಯುತ್ತಿದ್ದದ್ದು... ಅಲ್ಲಿಗೆ ಬಿಡುತ್ತೇನೆ. ಗೋಣಿ ಹೊದಿಸಿ ಆರಿಸಿದವರು ಆ ಅಧಿಕಾರಿ. ಅವರ ಅಂಗೈಯೂ ಸುಟ್ಟಿತು. ಸರ್ ವಾಲ್ವ್ ಮುಚ್ಚಿದರು, ಗಾಳಿ ಮುಚ್ಚಿದರು, ಮುಚ್ಚಬೇಕಾದ್ದನ್ನೆಲ್ಲ ಕ್ರಮವಾಗಿ ಮುಚ್ಚಿ ಆಮೇಲೆ ಬಂದರು.

ಸೀನಿಯರ್ ಬದುಕಿದರು. ಎಡಗಣ್ಣು ಹೋಯಿತು. ಮುಖದ ಚರ್ಮ, ಎರಡೂ ಕೈಯ ಬೆರಳುಗಳು ಹೋದ ಹಾಗೆಯೇ.

ಆಸ್ಪತ್ರೆಯಲ್ಲಿ ಮಾತಾಡುವಷ್ಟು ಸುಧಾರಿಸಿದ ಮೇಲೆ ಒಂದು ಮಧ್ಯಾಹ್ನ ಸರ್ ನೋಡಲು ಬಂದರು. ನಾನಿದ್ದೆ, ಸೀನಿಯರ್ ತಾಯಿಯೂ ಇದ್ದರು. ಮುಖಕ್ಕೆ ಪೂರ್ತಿ ಬ್ಯಾಂಡೇಜು, ಬಾಯಿಗೊಂದು ಕಿಂಡಿ. ಹೇಗಿದ್ದೀರಿ ಎಂದು ಸರ್ ಕೇಳಲಿಲ್ಲ. ಸ್ಟೂಲ್ ಎಳೆದು ಕುಳಿತು ಬಾಗಿದರು. ಅವರು ಒಬ್ಬರ ಕಡೆ ಬಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಶ್ರುತಿ ಏರ್ತದೆ ಅಂತಿದ್ದಿರಲ್ಲ, ಅವತ್ತು ಅದು ಮೊದಲಾ? ಅಥವಾ ಜ್ವಾಲೆ ಪಟ್ಟಿಯನ್ನು ಬಿಟ್ಟದ್ದು ಮೊದಲಾ?"

"ಶ್ರುತಿ ಮೊದಲು ಸರ್."

"ಬಿಡುವಾಗ ಎರಡೂ ಬದಿಯಿಂದ ಬಿಟ್ಟಿತಾ?"

"ಇಲ್ಲ. ಎಡದಿಂದ. ಬಲದ್ದು ಸ್ವಲ್ಪ ಹೊತ್ತು ಹಿಡಿದುಕೊಂಡಿತ್ತು."

ಹೀಗೇ ನಡೆಯಿತು. ನರ್ಸ್ ಬಂದು ಎರಡು ಸಲ ಸಾಕು ಎಂದಳು. ಸೀನಿಯರ್ ದನಿ ಒಡೆಯುತ್ತಿತ್ತು, ತುಟಿಯ ಹತ್ತಿರ ಬ್ಯಾಂಡೇಜು ಕೆಂಪಾಗುತ್ತಿತ್ತು. ತಾಯಿಗೆ ಕನ್ನಡ ಅಷ್ಟಕ್ಕಷ್ಟೇ. ದೊಡ್ಡ ಮನುಷ್ಯರು ಮಗನ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದುಕೊಂಡು ಸೆರಗಿನಲ್ಲಿ ಕಣ್ಣೊರೆಸುತ್ತ ಕೈಮುಗಿದು ನಿಂತಿದ್ದರು. ಕೇಳಬೇಕಾದದ್ದು ಮುಗಿದ ಮೇಲೆ ಸರ್ ಎದ್ದು ಹೋದರು.

ನಾನು ಸಿಟ್ಟಿನಿಂದ ಅವರು ಕುಳಿತಿದ್ದ ಸ್ಟೂಲನ್ನು ಕಾಲಿನಿಂದ ದೂರ ತಳ್ಳಿದೆ. ಸೀನಿಯರ್ ಬ್ಯಾಂಡೇಜಿನ ಒಳಗಿನಿಂದ ನನ್ನನ್ನು ಕರೆದರು.

"ಕೇಳಿದಿಯಾ? ಇವತ್ತು ಸರ್ ನನ್ನ ಮಾತು ಪೂರ್ತಿ ಕೇಳಿದರು."

ಅವರ ದನಿಯಲ್ಲಿ ಸಂತೋಷ ಇತ್ತು. ಆ ಸಂತೋಷಕ್ಕಾಗಿ ನಾನು ಸರ್ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಬರುವಂತಿರಲಿಲ್ಲ. ಸಂಸ್ಥೆಯವರು ಒಳಗೊಳಗೇ ವಿಚಾರಣೆ ನಡೆಸಿದರು. ಅಪ್ಪಣೆ ಇಲ್ಲದೆ ಕಿಂಡಿಯ ಹತ್ತಿರ ಬಾಗಿದ್ದು ಆ ವಿದ್ಯಾರ್ಥಿಯ ತಪ್ಪು ಎಂದು ಸರ್ ಹೇಳಿದರಂತೆ. ನನ್ನನ್ನು ಕರೆದಾಗ ನಾನು ಕಂಡದ್ದನ್ನೆಲ್ಲ ಹೇಳಿದೆ. ಕೈಯನ್ನು ಎತ್ತಿ ಪಕ್ಕಕ್ಕಿಟ್ಟದ್ದು, ಬೇಡ ಎಂದದ್ದು, ಗುಂಡಿ ಒತ್ತಿದ್ದು. ಅವರು ಸಮಾಧಾನದಿಂದ ಕೇಳಿ ಬರೆದುಕೊಂಡು, ಈ ವಿಷಯ ಹೊರಗೆ ಹೋಗಬಾರದು ಎಂದು ನೆನಪಿಸಿ ಕಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಮರುದಿನ ಸರ್ ನನ್ನನ್ನು ಕರೆಸಿದರು.

"ನೀವು ಹೇಳಿದ್ದರಲ್ಲಿ ಒಂದು ಸುಳ್ಳೂ ಇಲ್ಲ. ನಾನು ಓದಿದೆ" ಎಂದರು. "ಆದರೆ ಸತ್ಯ ಹೇಳಿದವರಿಗೆ ನನ್ನ ಹತ್ತಿರ ಕೆಲಸ ಇಲ್ಲ. ನಾಳೆಯಿಂದ ಬರುವುದು ಬೇಡ."

ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಸೇರಿದೆ. ಅಪ್ಪ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅಷ್ಟು ದೊಡ್ಡವರ ಮೇಲೆ ದೂರು ಹೇಳಿದವಳು ಎಂದು.

ಗಾಯ ಮಾಗಲು ಬಹಳ ಕಾಲ ಹಿಡಿಯಿತು. ಮಾಗಿದ ಮೇಲೆ ಸೀನಿಯರ್ ತಮ್ಮ ಥೀಸಿಸ್ ಕೊಡಲು ಅನುಮತಿ ಕೇಳಿಕೊಂಡು ಶೆಡ್ಡಿಗೆ ಹೋದರಂತೆ. ಅಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು, ಬೇರೆ ಯಾರದೋ ಕತೆಯ ಹಾಗೆ. ಓರೆ ಪಟ್ಟಿಯ ಫಲಿತಾಂಶಗಳೆಲ್ಲ ಈಗ ರಕ್ಷಣಾ ಇಲಾಖೆಯದು, ಬಹಿರಂಗ ಪರೀಕ್ಷೆಗೆ ಕೊಡುವಂತಿಲ್ಲ ಎಂದರಂತೆ ಸರ್. ಇವರು ಹೊರಡದೆ ಇದ್ದಾಗ, "ಮತ್ತೆ, ಈ ಮುಖ ಇಟ್ಟುಕೊಂಡು ನೀವು ಯಾರ ಎದುರು ಹೋಗಿ ಕೂರ್ತೀರಿ?" ಎಂದರಂತೆ. ಕಾವೂರಿನ ಹುಡುಗಿಯ ಮನೆಯವರು ಅದೇ ಮಾತನ್ನು ಅದಕ್ಕೂ ಮೊದಲೇ, ಸ್ವಲ್ಪ ಮರ್ಯಾದೆಯಿಂದ, ಹೇಳಿ ಮುಗಿಸಿದ್ದರು.

ಎಂಬತ್ತರ ದಶಕದ ಕೊನೆಗೆ ಸರ್ ಸರದಿ ಬಂತು. ರಕ್ಷಣಾ ಇಲಾಖೆಯವರು ಕೆಲಸವನ್ನೆಲ್ಲ ಬೆಂಗಳೂರಿನ ತಮ್ಮದೇ ಪ್ರಯೋಗಾಲಯಕ್ಕೆ ಒಯ್ದರು. ಸರ್ ಅವರನ್ನು ಕರೆಯಲಿಲ್ಲ. ಶೆಡ್ಡಿನ ಕೊಳವೆ, ಟ್ಯಾಂಕು ಎಲ್ಲವನ್ನೂ ಗ್ಯಾಸಿನಲ್ಲಿ ಕತ್ತರಿಸಿ ಗುಜರಿಗೆ ಹಾಕಿದರು. ಸಂಸ್ಥೆ ಹೇಗೋ ಒಂದು ಕಾಲೇಜಾಗಿ ಬದಲಾಯಿತು, ಸರ್‌ಗೆ ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸುವ ಕೆಲಸ ಕೊಟ್ಟರು. ಅಷ್ಟು ವರ್ಷ ಆ ಶಬ್ದದ ಪಕ್ಕದಲ್ಲಿ ನಿಂತು ಅವರ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಒಂದು ಕಿವಿಯಲ್ಲಿ ಮಿಷನ್ನೂ ಇತ್ತು.

ನಾನು ಪರೀಕ್ಷಕಿಯಾಗಿ ಆ ಕಾಲೇಜಿಗೆ ಹೋದಾಗ ಅವರ ತರಗತಿಯ ಬಾಗಿಲಲ್ಲಿ ಒಂದು ನಿಮಿಷ ನಿಂತೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಪ್ರಶ್ನೆ ಕೇಳುತ್ತಿದ್ದ. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಸರ್ ಕಿವಿಯ ಮಿಷನ್ನು ತಿರುಗಿಸಿದರು. ಇನ್ನೊಬ್ಬ ಎದ್ದು ಹಾಗೆಯೇ ಬಾಯಿ ಆಡಿಸಿದ. ಸರ್ ಇನ್ನೂ ತಿರುಗಿಸಿದರು. ಆಗ ಹಿಂದಿನ ಬೆಂಚಿನಿಂದ ಎಲ್ಲರೂ ಸೇರಿ ಒಮ್ಮೆಲೇ ಕಿರುಚಿದರು. ಸರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಬೋರ್ಡಿಗೆ ಒರಗಿದರು. ಹುಡುಗರಿಗೆ ಇದು ರೂಢಿಯ ಆಟ ಇರಬೇಕು, ಅಷ್ಟು ಹದವಾಗಿ ಮಾಡಿದರು. ನಾನು ಒಳಗೆ ಹೋಗಿ ಗದರಿಸಿದೆ. ಮರುಕ ಮಾತ್ರ ಹುಟ್ಟಲಿಲ್ಲ.

ಹೊರಗೆ ಬಂದಾಗ ಸರ್ ನನ್ನ ಗುರುತು ಹಿಡಿದರು. ನನ್ನ ಬಗ್ಗೆ ಕೇಳಲಿಲ್ಲ. "ದೇರೆಬೈಲಿನವರು ಇದ್ದಾರಾ? ನನಗೆ ಅವರನ್ನು ನೋಡಬೇಕು. ಕರಕೊಂಡು ಹೋಗ್ತೀರಾ?" ಎಂದರು.

ಮುಂದಿನ ಭಾನುವಾರ ಕರೆದುಕೊಂಡು ಹೋದೆ. ಸೀನಿಯರ್ ಜಗಲಿಯಲ್ಲಿದ್ದರು. ಸರ್ ಬಂದದ್ದು ಕಂಡು ಎದ್ದು ನಿಂತರು, ಹಳೆಯ ಹಾಗೆಯೇ. ಮಾತು ಶುರುವಾದಾಗ ತೊಂದರೆ ಏನೆಂದು ತಿಳಿಯಿತು. ಸುಟ್ಟು ಬಿಗಿದುಕೊಂಡಿದ್ದ ಆ ತುಟಿಗಳನ್ನು ಸರ್‌ಗೆ ಓದಲಾಗಲಿಲ್ಲ. ಸೀನಿಯರ್ ಹೇಳಿದ್ದನ್ನೆಲ್ಲ ನಾನು ಸರ್ ಎದುರು ನಿಂತು ಬಾಯಿ ಬಿಡಿಸಿ ಇನ್ನೊಮ್ಮೆ ಹೇಳಬೇಕಾಯಿತು.

"ನಿಮ್ಮ ಓರೆ ಪಟ್ಟಿ ಸರಿ ಇತ್ತು" ಎಂದರು ಸರ್. "ಬೆಂಗಳೂರಿನವರು ಅದನ್ನೇ ಹಾಕಿದ್ದಾರೆ. ಅದೇ ಕೋನ. ನನಗೆ ಮೊನ್ನೆ ಗೊತ್ತಾಯ್ತು."

ಸೀನಿಯರ್ ನನ್ನ ಕಡೆ ತಿರುಗಿದರು. "ನನ್ನ ಹೆಸರು ಉಂಟಾ ಕೇಳು" ಎಂದರು ನನಗೆ.

ಕೇಳಿದೆ.

"ಇಲ್ಲ" ಎಂದರು ಸರ್. "ನನ್ನದೂ ಇಲ್ಲ."

ಅವರಿಗೆ ನೋವಾಗಿದ್ದದ್ದು ಎರಡನೆಯದು. ಅದನ್ನು ಹಂಚಿಕೊಳ್ಳಲು ಜಗತ್ತಿನಲ್ಲಿ ಬೇರೆ ಯಾರೂ ಸಿಗದೆ, ತಾವು ಸುಟ್ಟವನ ಮನೆಗೆ ಬಂದಿದ್ದರು. ನನಗೆ ಅದು ಆ ಜಗಲಿಯಲ್ಲಿ ಅರ್ಥವಾಯಿತು. ಸೀನಿಯರ್‌ಗೂ ಆಗಿರಬೇಕು. "ಆಯ್ತು ಸರ್" ಎಂದರು. ಇದನ್ನು ನಾನು ತಿರುಗಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ತಾಯಿ ಒಳಗಿನಿಂದ ಬಂದರು. ತಟ್ಟೆಯಲ್ಲಿ ಬೆಲ್ಲ, ಒಂದು ಚೆಂಬು ನೀರು. ನಮ್ಮ ಕಡೆ ಮನೆಗೆ ಯಾರು ಬಂದರೂ, ವೈರಿಯಾದರೂ, ಮೊದಲು ಅದು ಕೊಡುವುದು. ನನ್ನ ಮುಂದೆ ಇಟ್ಟರು. ಸರ್ ಮುಂದೆ ಏನೂ ಇಡಲಿಲ್ಲ. ಸರ್ ಕಾಯುತ್ತ ಕುಳಿತಿದ್ದರು, ಬಿಸಿಲಿನಲ್ಲಿ ನಡೆದು ಬಂದು ಅಂಗಿ ಬೆವರಿತ್ತು. ತಾಯಿ ಅವರನ್ನೇ ನೋಡುತ್ತ ನಿಂತು, ಕೊನೆಗೆ "ಪೋಲೆ" ಎಂದರು. ತುಳುವಿನಲ್ಲಿ ಹೋಗಿ ಎಂದು, ಬಹುವಚನದಲ್ಲೇ. ಆ ತುಟಿಗಳನ್ನು ಸರ್ ಸರಿಯಾಗಿ ಓದಿದರು. ಎದ್ದು ಚಪ್ಪಲಿ ಹಾಕಿಕೊಂಡರು.

ದಾರಿಯಲ್ಲಿ ಸರ್, "ಅವರು ನನಗೆ ನೀರು ಕೊಡಲಿಲ್ಲ" ಎಂದರು. ಕೊಡಬೇಕಿತ್ತು ಎಂಬ ಹಾಗಿತ್ತು ದನಿ. ನಾನು ಅವರ ಕಡೆ ತಿರುಗಿ, ತುಟಿ ಚೆನ್ನಾಗಿ ಕಾಣುವ ಹಾಗೆ, "ಹೌದು ಸರ್, ಕೊಡಲಿಲ್ಲ" ಎಂದೆ.

ಕೆಲವು ವರ್ಷಗಳಲ್ಲಿ ಸರ್ ತೀರಿಹೋದರು. ನಾನು ಮಣ್ಣಗುಡ್ಡದಲ್ಲೇ ಇದ್ದೆ. ನೋಡಲು ಹೋಗಲಿಲ್ಲ.

ಸೀನಿಯರ್ ತೀರಿಕೊಂಡದ್ದು ಈ ತಿಂಗಳು. ಉತ್ತರಕ್ರಿಯೆಗೆ, ಬೊಜ್ಜದ ದಿನ, ದೇರೆಬೈಲಿಗೆ ಹೋಗಿದ್ದೆ. ತಾಯಿ ಹೋಗಿ ಎಷ್ಟೋ ಕಾಲವಾಗಿದೆ. ಅಣ್ಣನ ಮಗ ಬೊಂಬಾಯಿಯಿಂದ ಬಂದಿದ್ದರು, ಅವರಿಗೂ ಈಗ ಕೂದಲು ನೆರೆತಿದೆ. ಅಂಗಳದ ಚಪ್ಪರದಲ್ಲಿ ಕುರ್ಚಿ ಹಾಕಿಸಿ ನನ್ನ ಪಕ್ಕ ಕುಳಿತರು.

"ಆಂಟಿ, ನೀವು ಚಿಕ್ಕಪ್ಪನ ಜೊತೆ ಕೆಲಸಕ್ಕಿದ್ದದ್ದಂತೆ. ಅವರು ಎಂತ ಕೆಲಸ ಮಾಡ್ತಿದ್ರು? ಕೇಳಿದ್ರೆ ಒಂದು ದಿನವೂ ಹೇಳ್ತಿರಲಿಲ್ಲ."

"ಮುಖಕ್ಕೆ ಏನಾಯ್ತು ಅಂತ ಹೇಳಿದ್ದರಾ?"

"ಅದು ಸ್ಟೌ ಸಿಡಿದದ್ದಲ್ವಾ? ಹಾಗೇ ಹೇಳಿದ್ದು ನಮಗೆಲ್ಲ."

ನಾನು ಅವರ ಮುಖ ನೋಡಿದೆ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸಹಿ ಹಾಕಿಸಿಕೊಂಡವರು, ಆ ಸಹಿಯನ್ನು ಮರೆತೇ ಬಿಟ್ಟವರು, ಎಲ್ಲರೂ ಹೋದ ಮೇಲೆಯೂ ಸೀನಿಯರ್ ಆ ಮಾತನ್ನು ಕಾದುಕೊಂಡು ಕುಳಿತಿದ್ದರು. ಸ್ವಂತ ಅಣ್ಣನ ಮಗನ ಎದುರು ಎಣ್ಣೆ ಸ್ಟೌ ಹಚ್ಚಲು ತಿಳಿಯದವನಾಗಿಯೇ ಬದುಕಿದ್ದರು.

ನಾನು ಅಲ್ಲೇ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಮುಗಿದ ಮೇಲೆ, "ಆ ಸರ್ ಈಗ ಎಲ್ಲಿದ್ದಾರೆ?" ಎಂದರು.

"ತೀರಿಹೋಗಿ ಬಹಳ ವರ್ಷವಾಯ್ತು."

"ಒಳ್ಳೆದಾಯ್ತು" ಎಂದರು.

ಹೌದು ಎನ್ನಬೇಕೆಂದು ನಾನು ಬಾಯಿ ತೆರೆದೆ. ಆ ಶೆಡ್ಡಿನಲ್ಲಿ ಬೆಂಕಿ ಹೇಗೆ ಕೂರುತ್ತಿತ್ತು, ಹೇಗೆ ಬಿಟ್ಟುಹೋಗುತ್ತಿತ್ತು ಎಂದು ಬಲ್ಲವರಲ್ಲಿ ಈ ಊರಲ್ಲಿ ಕೊನೆಗೆ ಉಳಿದವರು ನಾವು ಮೂವರೇ. ಇನ್ನು ಅದರ ಬಗ್ಗೆ ಒಂದು ಮಾತು ಆಡಬೇಕೆಂದರೆ ನನಗೆ ಯಾರೂ ಇಲ್ಲ. ಆ ಕ್ರೂರ ಮನುಷ್ಯನೂ ಇಲ್ಲ... ಹೌದು ಎಂಬ ಮಾತು ಹೊರಡಲಿಲ್ಲ. ಒಳಗಿನಿಂದ ಯಾರೋ ಊಟಕ್ಕೆ ಏಳಿ ಎಂದು ಕರೆದರು. ಅವರು ನನ್ನ ಕೈ ಹಿಡಿದು ಎಬ್ಬಿಸಿದರು, ನಾನು ಎದ್ದು ಅವರ ಹಿಂದೆ ನಡೆದೆ.